ರಜೆಯ ದಿನ ಎಲ್ಲಿಗೆ ಹೋಗೋಣ?

(ಚಿತ್ರದುರ್ಗದ ಬಡಾವಣೆಯೊಂದರಲ್ಲಿ ಮಿಲ್ ಕೆಲಸಗಾರರೂ ಚಿಲ್ಲರೆ ವ್ಯಾಪಾರಿಗಳೂ ಕೂಡಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಪಾರ್ಕು, ಗುಡ್ಡ, ಕೆರೆಗಳ ವಿಷಯ ಮಾತನಾಡುತ್ತೇವೆಂದು ಹೇಳಿದಾಗ ನಮ್ಮವರೇ ಕೆಲವರು ನಕ್ಕರು. "ಮೇಷ್ಟ್ರೇ, ಕೂಲಿಯ ಮಾತಾಡಿ, ಬೇಳೆಯ ಬೆಲೆ ಮಾತಾಡಿ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವೇ?" ಎಂದರು. ಮಾತು ತಮಾಷೆಯದೇ, ಆದರೆ ಇದಕ್ಕೆ ಉತ್ತರ ಕೊಡದೆ ಮುಂದೆ ಹೋಗುವಂತಿಲ್ಲ. ಆದ್ದರಿಂದ ಅಲ್ಲಿಂದಲೇ ಪ್ರಾರಂಭಿಸುತ್ತೇವೆ.

ವಾರಕ್ಕೆ ಒಂದು ದಿನ ರಜೆ ಎಂಬುದು ನಮಗೆ ಯಾವ ಧಣಿಯೂ ಸುಮ್ಮನೆ ಕೊಟ್ಟದ್ದಲ್ಲ. ಮುಂಬಯಿಯ ಬಟ್ಟೆ ಮಿಲ್ಲುಗಳಲ್ಲಿ ಒಂದು ಕಾಲಕ್ಕೆ ಹೊತ್ತು ಹುಟ್ಟುವುದರಿಂದ ಹೊತ್ತು ಮುಳುಗುವವರೆಗೆ ದುಡಿತ, ವಾರದ ಏಳು ದಿನವೂ ದುಡಿತ. ಜ್ಯೋತಿಬಾ ಫುಲೆಯವರ ಸತ್ಯಶೋಧಕ ಸಮಾಜದಿಂದ ಬಂದ ನಾರಾಯಣ ಮೇಘಾಜಿ ಲೋಖಂಡೆ ಎಂಬುವರು ಕೆಲಸಗಾರರನ್ನು ಕೂಡಿಸಿ, ಸಭೆ ನಡೆಸಿ, ಅರ್ಜಿಯ ಮೇಲೆ ಅರ್ಜಿ ಕೊಟ್ಟು ವರ್ಷಗಟ್ಟಲೆ ಹೋರಾಡಿದರು. 1890ರ ಜೂನ್ 10ರಂದು ಮಿಲ್ ಮಾಲೀಕರು ಭಾನುವಾರದ ರಜೆಯನ್ನು ಒಪ್ಪಿದರು. ಮುಂದೆ 1921ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ವಾರದ ವಿಶ್ರಾಂತಿಯ ಒಡಂಬಡಿಕೆ ಮಾಡಿತು. 1923ರಲ್ಲಿ ಭಾರತ ಅದಕ್ಕೆ ಸಹಿ ಹಾಕಿತು. 1948ರ ಕಾರ್ಖಾನೆ ಕಾಯಿದೆ ಅದನ್ನೇ ಗಟ್ಟಿ ಮಾಡಿತು. ಈಗ ಆ ಕಾಯಿದೆ ಹೋಗಿ 2020ರ ಹೊಸ ಸಂಹಿತೆ ಬಂದಿದೆ. ಅದರಲ್ಲಿಯೂ ವಾರದಲ್ಲಿ ಆರು ದಿನಕ್ಕಿಂತ ಹೆಚ್ಚು ದುಡಿಸಕೂಡದು ಎಂದೇ ಇದೆ. ಅಂಗಡಿಗಳ ಕೆಲಸಗಾರರಿಗೆ ನಮ್ಮ ರಾಜ್ಯದ 1961ರ ಕಾಯಿದೆ ವಾರದ ರಜೆ ಕೊಟ್ಟಿದೆ.

ಅಂದಮೇಲೆ ರಜೆಯೂ ಕೂಲಿಯ ಒಂದು ಭಾಗ. ಕೂಲಿ ಕೈಗೆ ಬಂದು ಅಂಗಡಿಯಲ್ಲಿ ಅಕ್ಕಿ ಇಲ್ಲದಿದ್ದರೆ ಆ ಕೂಲಿಗೆ ಏನು ಬೆಲೆ? ಹಾಗೆಯೇ ರಜೆ ಸಿಕ್ಕಿ, ಹೆಂಡತಿ ಮಕ್ಕಳೊಂದಿಗೆ ಕಾಸು ಖರ್ಚಿಲ್ಲದೆ ಕೂರಲು ಒಂದು ನೆರಳು ಸಿಗದಿದ್ದರೆ ಆ ರಜೆಗೆ ಏನು ಬೆಲೆ? ಹತ್ತಡಿ ಅಗಲದ ಮನೆ, ಮೇಲೆ ತಗಡಿನ ಸೂರು, ಚೈತ್ರ ವೈಶಾಖದ ನಮ್ಮ ಸೀಮೆಯ ಬಿಸಿಲು. ಅಲ್ಲಿ ಮಲಗಿ ಹೊರಳಾಡಿದರೆ ವಿಶ್ರಾಂತಿಯಾಗುವುದಿಲ್ಲ. ಹೋಗಲು ಜಾಗವಿಲ್ಲದವನು ಹೆಂಡದಂಗಡಿಗೆ ಹೋಗುತ್ತಾನೆ; ಹೋಗಲು ಜಾಗವಿಲ್ಲದ ಮಗು ಫೋನಿನೊಳಗೆ ಮುಖ ಹುದುಗಿಸುತ್ತದೆ. ಆಮೇಲೆ ಇಬ್ಬರನ್ನೂ ಬೈಯುವುದು ಸುಲಭ.

ಈಗ ನಮ್ಮ ಸುತ್ತ ಏನಿದೆ ನೋಡೋಣ.

ಮೊದಲು ಕೋಟೆ. ನಾವು ಪಾಠ ಹೇಳುತ್ತಿದ್ದ ದಿನಗಳಲ್ಲಿ ನಾಲ್ಕನೆಯ ತರಗತಿಯ ಒಬ್ಬ ಹುಡುಗನಿದ್ದ. ಅವನ ಮನೆ ಕೋಟೆಯ ಬುಡದಲ್ಲಿಯೇ. ಓಬವ್ವನ ಕಿಂಡಿ ನೋಡಿದ್ದೀಯೇನೋ ಎಂದು ಕೇಳಿದರೆ ಹೌದು ಸಾರ್ ಎಂದು ಪುಸ್ತಕ ತೆರೆದು ಚಿತ್ರ ತೋರಿಸಿದ! ಅಪ್ಪನಿಗೆ ಎಣ್ಣೆ ಮಿಲ್ಲಿನಲ್ಲಿ ಭಾನುವಾರವೂ ಪಾಳಿ, ಅಮ್ಮ ನಾಲ್ಕು ಮನೆಯ ಮುಸುರೆ ತಿಕ್ಕುವವಳು. ಕರೆದುಕೊಂಡು ಹೋಗುವವರು ಯಾರು? ಬೆಂಗಳೂರಿನಿಂದ, ಹುಬ್ಬಳ್ಳಿಯಿಂದ ಬಸ್ಸು ಮಾಡಿಕೊಂಡು ಬಂದು ಜನ ನೋಡುವ ಕೋಟೆಯನ್ನು ಅದರ ನೆರಳಿನಲ್ಲಿ ಹುಟ್ಟಿದ ಮಗು ನೋಡಿರಲಿಲ್ಲ.

ಹದಿನೈದು ವರ್ಷದೊಳಗಿನ ಮಕ್ಕಳಿಗೆ ಕೋಟೆಗೆ ಚೀಟಿ ಬೇಕಾಗಿಲ್ಲ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ದೊಡ್ಡವರಿಗೆ ಚೀಟಿ ಉಂಟು. ಏಪ್ರಿಲ್ 18ರ ಪರಂಪರೆಯ ದಿನ, ನವೆಂಬರ್ 19ರ ದಿನ ಪುರಾತತ್ವ ಇಲಾಖೆಯವರು ಅದನ್ನೂ ಬಿಡುವ ವಾಡಿಕೆ ಇದೆ. ಆ ದಿನಗಳನ್ನು ಗುರುತು ಹಾಕಿಟ್ಟುಕೊಳ್ಳಿ.

ಹೋದವರು ಏನು ನೋಡಬೇಕು? ಹತ್ತೊಂಬತ್ತು ಅಗಸೆ, ಮೂವತ್ತೆಂಟು ದಿಡ್ಡಿ, ಮೂವತ್ತೈದು ಕಳ್ಳಗಿಂಡಿ ಎಂದು ಹಿರಿಯರು ಲೆಕ್ಕ ಹೇಳುತ್ತಾರೆ. ಆ ಲೆಕ್ಕ ಇರಲಿ. ನೀವು ಕೆಲಸ ಬಲ್ಲವರು, ಕೆಲಸವನ್ನು ನೋಡಿ. ಬಾಗಿಲಿಗೆ ನೇರ ದಾರಿ ಇಲ್ಲದಂತೆ ತಿರುವು ಕೊಟ್ಟು ಕಟ್ಟಿದ್ದಾರೆ. ಆನೆ ಓಡಿಬಂದು ಗುದ್ದಲು ಜಾಗ ಸಿಗಬಾರದು. ಮದ್ದು ಬೀಸುವ ದೊಡ್ಡ ಕಲ್ಲುಗಳು ಹಳ್ಳದಲ್ಲಿ ಇಂದಿಗೂ ಕುಳಿತಿವೆ. ಗಾಣದಲ್ಲಿ, ಮಿಲ್ಲಿನಲ್ಲಿ ಮೈಮುರಿದವನಿಗೆ ಆ ಕಲ್ಲು ತಿರುಗಿಸಿದವರ ರಟ್ಟೆಯ ನೋವು ಯಾರೂ ಹೇಳಿಕೊಡದೆ ತಿಳಿಯುತ್ತದೆ. ಇನ್ನು ನೀರು. ಮಳೆ ಕಡಮೆಯ ಈ ಸೀಮೆಯಲ್ಲಿ ಬಂಡೆಯ ಮೇಲೆ ಬಿದ್ದ ಹನಿಯನ್ನೂ ಬಿಡದೆ ಕೂಡಿಸಿದರು. ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕತಂಗಿಯರ ಹೊಂಡಕ್ಕೆ, ಅಲ್ಲಿಂದ ಇಳಿದಿಳಿದು ಊರೊಳಗಿನ ಸಿಹಿನೀರು ಹೊಂಡಕ್ಕೆ, ಸಂತೆ ಹೊಂಡಕ್ಕೆ. ಒಂದು ತುಂಬಿದ ಮೇಲೆ ಇನ್ನೊಂದಕ್ಕೆ ಹರಿಯಬೇಕು ಎಂಬ ಏರ್ಪಾಡು. ಮೇಲಿದ್ದವನು ತನಗೆ ಸಾಕಾದ ಮೇಲೆ ಕೆಳಗಿನವನಿಗೆ ಬಿಡುವ ಈ ನೀತಿ ನೀರಿಗೆ ಗೊತ್ತಾಯಿತು, ಹಣವಂತರಿಗೆ ಇನ್ನೂ ಗೊತ್ತಾಗಿಲ್ಲ.

ಓಬವ್ವನ ಕಥೆ ನಿಮಗೆಲ್ಲ ಬಾಯಿಪಾಠ. ಆದರೂ ಒಂದು ಮಾತು. ಆಕೆ ರಾಣಿಯಲ್ಲ, ಪಾಳೆಯಗಾರನ ಮಗಳಲ್ಲ. ಕಾವಲುಗಾರನ ಹೆಂಡತಿ. ಗಂಡ ಪಾಳಿಯ ನಡುವೆ ಊಟಕ್ಕೆ ಮನೆಗೆ ಬಂದ, ನೀರು ತರಲು ಆಕೆ ತಣ್ಣೀರು ದೋಣಿಗೆ ಹೋದಳು. ಅಲ್ಲಿ ಕಿಂಡಿಯೊಳಗೆ ಹೈದರನ ಕಡೆಯವರು ನುಸುಳುವುದು ಕಂಡಿತು. ಗಂಡನನ್ನು ಊಟದಿಂದ ಎಬ್ಬಿಸಲು ಆಕೆಗೆ ಮನಸ್ಸಾಗಲಿಲ್ಲವೆಂದು ಜನ ಇಂದಿಗೂ ಹೇಳುತ್ತಾರೆ. ದುಡಿಯುವವನ ಒಂದು ತುತ್ತಿನ ಬಿಡುವಿಗೆ ನಮ್ಮ ಊರಿನ ಹೆಣ್ಣುಮಗಳು ಕೊಟ್ಟ ಮರ್ಯಾದೆ ಅದು. 1779ರಲ್ಲಿ ಕೋಟೆ ಹೈದರನ ಕೈಸೇರಿತು, ಮದಕರಿ ನಾಯಕ ಸೆರೆಯಾದ. ರಾಜ್ಯ ಹೋಯಿತು, ಕಾವಲುಗಾರನ ಹೆಂಡತಿಯ ಹೆಸರು ಉಳಿಯಿತು. ಇಂದು ಜಿಲ್ಲಾ ಕ್ರೀಡಾಂಗಣಕ್ಕೂ ಆಕೆಯದೇ ಹೆಸರು.

ಎರಡನೆಯದು ಚಂದ್ರವಳ್ಳಿ. ಊರಿನಿಂದ ಒಂದು ಹರದಾರಿಯೂ ಆಗದು. ಕಾಲ್ನಡಿಗೆಯಲ್ಲಿ ಹೋಗಿ ಬರಬಹುದು. ಗುಡ್ಡಗಳ ನಡುವಿನ ಆ ಕಣಿವೆಯಲ್ಲಿ 1929ರಲ್ಲಿ ಮೈಸೂರಿನ ಎಂ.ಎಚ್. ಕೃಷ್ಣ ಅವರು, 1947ರಲ್ಲಿ ವೀಲರ್ ಸಾಹೇಬರು ಅಗೆಸಿ ನೋಡಿದರು. ಶಾತವಾಹನರ ನಾಣ್ಯ ಸಿಕ್ಕಿತು, ರೋಮಿನ ಬೆಳ್ಳಿ ನಾಣ್ಯ ಸಿಕ್ಕಿತು. ವ್ಯಾಪಾರಿ ಬಂಧುಗಳು ಇದನ್ನು ಗಮನಿಸಬೇಕು. ಸುಮಾರು ಎರಡು ಸಾವಿರ ವರ್ಷದ ಹಿಂದೆ ಈ ಕಣಿವೆಯಲ್ಲಿ ಅಂಗಡಿಯಿಟ್ಟವನ ಕೈಯಲ್ಲಿ ಸಮುದ್ರದಾಚೆಯ ದುಡ್ಡು ಆಡಿತ್ತು. ಅಲ್ಲಿಯ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನವಿದೆ, ನಾಲ್ಕನೆಯ ಶತಮಾನದ್ದು. ತಾನು ಕೆರೆ ಕಟ್ಟಿಸಿದ ಸಂಗತಿಯನ್ನು ಆ ಅರಸು ಅಲ್ಲಿ ಕೊರೆಸಿದ್ದಾನೆ. ಅವನ ಅರಮನೆ ಎಲ್ಲಿತ್ತೋ ಇಂದು ಯಾರೂ ಕೇಳುವುದಿಲ್ಲ. ಕೆರೆಯ ಮಾತು ಮಾತ್ರ ಕಲ್ಲಿನ ಮೇಲೆ ನಿಂತಿದೆ. ಊರಾಳುವವರು ಭಾನುವಾರ ಒಂದು ದಿನ ಅಲ್ಲಿಗೆ ಹೋಗಿ ಅದರ ಮುಂದೆ ಕೂತು ಬರುವುದು ಒಳ್ಳೆಯದು. ಹತ್ತಿರವೇ ಅಂಕಲಿ ಮಠದ ಗವಿಗಳಿವೆ. ಒಳಗೆ ಕತ್ತಲೆ, ಮೆಟ್ಟಿಲು ಇಳಿದಷ್ಟೂ ಕೋಣೆಗೆ ಕೋಣೆ. ಮಕ್ಕಳನ್ನು ಕೈ ಹಿಡಿದೇ ಕರೆದೊಯ್ಯಬೇಕು.

ಮೂರನೆಯದು ಜೋಗಿಮಟ್ಟಿ. 2015ರಲ್ಲಿ ಅದನ್ನು ವನ್ಯಧಾಮವೆಂದು ಸಾರಿದ್ದಾರೆ. ಅರಣ್ಯ ಇಲಾಖೆಯ ಅನುಮತಿ, ಕಟ್ಟುಪಾಡು ಉಂಟು. ಅದು ಸರಿಯೇ, ಉಳಿದಿರುವ ಒಂದು ತಂಪು ಉಳಿಯಬೇಕಾದರೆ ಕಾವಲು ಬೇಕು. ಅದೇ ಮಗ್ಗುಲಲ್ಲಿ ಆಡುಮಲ್ಲೇಶ್ವರದ ಚಿಕ್ಕ ಮೃಗಾಲಯವಿದೆ. ಚಿರತೆ, ಕರಡಿ ನೋಡಲು ಮೈಸೂರಿಗೇ ಹೋಗಬೇಕೆಂದಿಲ್ಲ. ಮಕ್ಕಳಿರುವ ಮನೆಯವರಿಗೆ ಅರ್ಧ ದಿನಕ್ಕೆ ಹೇಳಿಮಾಡಿಸಿದ ಜಾಗ.

ದೂರ ಹೋಗುವವರಿಗೆ ಹಿರಿಯೂರಿನ ಮಾರಿಕಣಿವೆ. ವೇದಾವತಿಗೆ ಅಡ್ಡಲಾಗಿ ಎರಡು ಗುಡ್ಡಗಳ ನಡುವೆ ಕಲ್ಲು ಗಾರೆಯಿಂದ ಕಟ್ಟಿ 1907ರಲ್ಲಿ ಮುಗಿಸಿದ ಅಣೆಕಟ್ಟು. ಮಗನ ಪರವಾಗಿ ರಾಜ್ಯವಾಳಿದ ವಾಣಿವಿಲಾಸ ಸನ್ನಿಧಾನದ ಮಹಾರಾಣಿಯವರ ಹೆಸರು ಅದಕ್ಕೆ. ಆಳ 130 ಅಡಿ, ಹಿಡಿಯುವ ನೀರು ಸುಮಾರು 30 ಟಿ.ಎಂ.ಸಿ. 1933ರಲ್ಲಿ ಒಮ್ಮೆ ಕೋಡಿ ಬಿದ್ದಿತ್ತು. ಆಮೇಲೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. 89 ವರ್ಷಗಳ ಮೇಲೆ! ನಡುವೆ ನೀರು ತಳಕ್ಕೆ ಇಳಿದ ವರ್ಷಗಳಲ್ಲಿ ಹಿರಿಯೂರಿನ ತೆಂಗಿನ ತೋಟಗಳು ಒಣಗಿ ನಿಂತದ್ದನ್ನು ಕಂಡವರು ಈ ಸಭೆಯಲ್ಲಿಯೇ ಇದ್ದೀರಿ. ಕೋಡಿ ಬಿದ್ದ ದಿನ ಮುದುಕರು, ಮಕ್ಕಳನ್ನು ಸೊಂಟದಲ್ಲಿಟ್ಟ ಹೆಂಗಸರು, ಎಲ್ಲರೂ ನೋಡಲು ಹೋದರು. ಭದ್ರೆಯಿಂದ ಎತ್ತಿದ ನೀರೂ ಈಗ ಅಲ್ಲಿಗೆ ಸೇರುತ್ತಿದೆ. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ಅಣೆಕಟ್ಟಿಗೆ ಹೋದವರು ಹಿರಿಯೂರಿನ ತೇರುಮಲ್ಲೇಶ್ವರ ದೇವಾಲಯದಲ್ಲಿ ಇಳಿದು ಕತ್ತೆತ್ತಿ ನೋಡಿ. ಮುಖಮಂಟಪದ ಮೇಲ್ಚಾವಣಿಯಲ್ಲಿ ಹಳೆಯ ಕಾಲದ ಬಣ್ಣದ ಚಿತ್ರಗಳಿವೆ.

ಹೊಳಲ್ಕೆರೆಯಲ್ಲಿ ಬಯಲು ಗಣಪ ಇದ್ದಾನೆ. ದೊಡ್ಡ ಮೂರ್ತಿ, ತಲೆಯ ಮೇಲೆ ಸೂರಿಲ್ಲ. ಮಳೆ ಬಿಸಿಲು ಎರಡನ್ನೂ ನಮ್ಮ ಹಾಗೆಯೇ ತಿನ್ನುವ ದೇವರು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಬಯಲು ರಂಗಮಂದಿರವಿದೆ. ಅಲ್ಲಿಯ ಮಠದವರು 1997ರಿಂದ ಶಿವಸಂಚಾರ ಎಂಬ ನಾಟಕ ತಂಡ ಕಟ್ಟಿ ಊರೂರು ತಿರುಗಿಸುತ್ತಿದ್ದಾರೆ. ಪ್ರತಿ ವರ್ಷ ನವೆಂಬರಿನ ಆರಂಭದಲ್ಲಿ ನಾಟಕೋತ್ಸವ. ಸುತ್ತಲಿನ ಹಳ್ಳಿಗಳ ಜನ ಚಾಪೆ ಹಿಡಿದು ಬರುತ್ತಾರೆ. ನಗರದ ಜನಕ್ಕೆ ಮಾತ್ರ ಕಲೆ ಎನ್ನುವವರಿಗೆ ಸಾಣೇಹಳ್ಳಿಯೇ ಉತ್ತರ.

ಪ್ರಯಾಣದ ಖರ್ಚಿನ ಮಾತೊಂದಿದೆ. 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಚೀಟಿಯಿಲ್ಲ. ಆದರೆ ನಮ್ಮ ಕಡೆ ಎಷ್ಟೋ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು. ಅಲ್ಲಿ ಆ ಸೌಲಭ್ಯ ನಡೆಯದು. ರಜೆಯ ದಿನ ಮಾರಿಕಣಿವೆಗೆ, ಆಡುಮಲ್ಲೇಶ್ವರಕ್ಕೆ ಸರ್ಕಾರಿ ಬಸ್ಸು ಬೇಕು ಎಂದು ಕೇಳುವುದು ಭಿಕ್ಷೆಯಲ್ಲ. ಕಾನೂನಿನಲ್ಲಿ ಕೊಟ್ಟದ್ದು ಕೈಗೆ ಸಿಗಲಿ ಎನ್ನುವುದು.

ಇಷ್ಟೆಲ್ಲ ಹೇಳಿದರೂ ಕೋಟೆ, ಕಣಿವೆ ವರ್ಷಕ್ಕೆ ನಾಲ್ಕು ಬಾರಿಯ ಮಾತು. ದಿನನಿತ್ಯದ ಮಾತೆಂದರೆ ಬಡಾವಣೆಯ ಪಾರ್ಕು. ನಮ್ಮ ಜಗಳ ಇರುವುದು ಅಲ್ಲಿಯೇ.

ಕೆಳಗೋಟೆಯಾಗಲಿ, ಮೆದೇಹಳ್ಳಿಯ ಕಡೆಯಾಗಲಿ, ತುರುವನೂರು ರಸ್ತೆಯ ಕಡೆಯಾಗಲಿ, ಹೊಸ ಬಡಾವಣೆ ಎದ್ದಾಗ ನಕ್ಷೆಯಲ್ಲಿ ಹಸಿರು ಬಣ್ಣ ಹಚ್ಚಿ ಪಾರ್ಕು ತೋರಿಸುತ್ತಾರೆ. ನಿವೇಶನ ಮಾರುವಾಗ ಆ ಹಸಿರನ್ನು ತೋರಿಸಿಯೇ ಬೆಲೆ ಏರಿಸುತ್ತಾರೆ. ಹತ್ತು ವರ್ಷ ಕಳೆದರೆ ಅಲ್ಲಿ ಏನಿರುತ್ತದೆ? ಒಂದು ಕಡೆ ಜಾಲಿ ಮುಳ್ಳು, ಒಂದು ಕಡೆ ಕಟ್ಟಡದ ಮಣ್ಣು ಕಲ್ಲು, ಒಂದು ಮೂಲೆಯಲ್ಲಿ ಯಾರದೋ ಶೆಡ್ಡು. ಬೇಲಿ ಹಾಕಿದ್ದರೆ ಗೇಟಿಗೆ ಬೀಗ. ಬೀಗದ ಕೈ ಯಾರ ಹತ್ತಿರ ಎಂದರೆ ಒಬ್ಬರು ಇನ್ನೊಬ್ಬರನ್ನು ತೋರಿಸುತ್ತಾರೆ.

ಪಾರ್ಕು ಶ್ರೀಮಂತರ ಶೋಕಿ ಎನ್ನುವವರು ಒಂದು ಇತಿಹಾಸ ಕೇಳಬೇಕು. ಲಂಡನ್ ನಗರದ ಪೂರ್ವ ಭಾಗ ಬಡ ಕೂಲಿಗಾರರ ಕೇರಿ. ಹೊಗೆ, ಕೊಳಚೆ, ಜಾಡ್ಯ. ಅಲ್ಲಿಗೊಂದು ಉದ್ಯಾನ ಬೇಕೆಂದು 30,000 ಜನ ಸಹಿ ಹಾಕಿ ರಾಣಿಗೆ ಅರ್ಜಿ ಕೊಟ್ಟರು. 1845ರಲ್ಲಿ ವಿಕ್ಟೋರಿಯಾ ಪಾರ್ಕು ತೆರೆಯಿತು. ಮುಂದೆ ಕಾರ್ಮಿಕರ ದೊಡ್ಡ ದೊಡ್ಡ ಸಭೆಗಳು ಅಲ್ಲಿಯೇ ನಡೆದವು.

ನಮ್ಮ ರಾಜ್ಯದ್ದೇ ಉದಾಹರಣೆ ಬೇಕೆ? ಬೆಂಗಳೂರಿನ ಒಂದು ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟ ಜಾಗವನ್ನು ಮೇಲಿನವರ ಮಾತಿನ ಮೇಲೆ ಒಂದು ಖಾಸಗಿ ಆಸ್ಪತ್ರೆಗೆ ಕೊಟ್ಟರು. ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಕೆಳಗೆ ಒಮ್ಮೆ ಸೋತರು, ಬಿಡಲಿಲ್ಲ. 1991ರಲ್ಲಿ ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು. ಪಾರ್ಕಿನ ಜಾಗ ಸಾರ್ವಜನಿಕರದ್ದು, ಅದನ್ನು ಖಾಸಗಿಯವರಿಗೆ ಎತ್ತಿಕೊಡಲು ಅಧಿಕಾರದಲ್ಲಿ ಕುಳಿತವರಿಗೆ ಹಕ್ಕಿಲ್ಲ, ಬಡಾವಣೆಯ ನಿವಾಸಿಗೆ ಅದನ್ನು ಪ್ರಶ್ನಿಸುವ ಹಕ್ಕುಂಟು ಎಂಬುದು ಆ ತೀರ್ಪಿನ ಸಾರ. ಆಸ್ಪತ್ರೆ ಒಳ್ಳೆಯದೇ, ಆದರೆ ಒಳ್ಳೆಯ ಕೆಲಸಕ್ಕೂ ಮಕ್ಕಳ ಆಟದ ಜಾಗವೇ ಆಗಬೇಕೆ?

ನಮ್ಮ ವಿಧಾನಮಂಡಲ 1985ರಲ್ಲಿಯೇ ಉದ್ಯಾನ, ಆಟದ ಬಯಲು ಮತ್ತು ತೆರೆದ ಜಾಗಗಳ ಸಂರಕ್ಷಣೆಗೆ ಕಾಯಿದೆ ಮಾಡಿದೆ. ಊರಿನ ಪಾರ್ಕು, ಮೈದಾನಗಳ ನಕ್ಷೆ, ಪಟ್ಟಿ ಸಿದ್ಧಪಡಿಸುವುದು ಸ್ಥಳೀಯ ಸಂಸ್ಥೆಗಳ ಹೊಣೆ. ಆ ಪಟ್ಟಿಯನ್ನು ನಿಮ್ಮಲ್ಲಿ ಯಾರಾದರೂ ಕಣ್ಣಿನಿಂದ ಕಂಡಿದ್ದೀರಾ? 2005ರ ಮಾಹಿತಿ ಹಕ್ಕು ಕಾಯಿದೆಯಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿದರೆ 30 ದಿನದಲ್ಲಿ ಉತ್ತರ ಕೊಡಬೇಕು. ಎರಡು ಲೋಟ ಟೀಯ ದುಡ್ಡು.

ಈಗ ಒಂದು ಸೂಕ್ಷ್ಮದ ವಿಷಯ. ಈ ಸಭೆಯಲ್ಲಿ ಮಿಲ್ಲಿನವರೂ ಇದ್ದೀರಿ, ಅಂಗಡಿಯವರೂ ಇದ್ದೀರಿ. ಮಿಲ್ಲಿನವನ ರಜೆಯ ದಿನವೇ ಅಂಗಡಿಯವನ ವ್ಯಾಪಾರದ ದಿನ. ಭಾನುವಾರ ಬಾಗಿಲು ಹಾಕು ಎಂದರೆ ಚಿಲ್ಲರೆ ಅಂಗಡಿಯವನ ಗಲ್ಲಾಪೆಟ್ಟಿಗೆ ಬರಿದಾಗುತ್ತದೆ. ಇದನ್ನು ನಾವು ಮುಚ್ಚಿಟ್ಟು ಮಾತನಾಡುವುದಿಲ್ಲ. ಆದರೆ ಇಬ್ಬರಿಗೂ ತೊಂದರೆ ಕೊಡುವ ಒಂದೇ ಸಂಗತಿ ಇದೆ: ಪಾರ್ಕಿನ ವೇಳೆ. ಬೆಳಿಗ್ಗೆ ತೆರೆದು ಒಂಬತ್ತಕ್ಕೆ ಮುಚ್ಚಿ, ಸಂಜೆ ತೆರೆದು ಏಳಕ್ಕೆ ಮುಚ್ಚಿದರೆ ಅದು ಯಾರಿಗೆ ಅನುಕೂಲ? ಪೆನ್ಷನ್ ತೆಗೆದುಕೊಳ್ಳುವ ಹಿರಿಯರಿಗೆ. ಅವರು ಬರಲಿ, ಸಂತೋಷ. ಆದರೆ ರಾತ್ರಿ ಪಾಳಿ ಮುಗಿಸಿದವನಿಗೆ ಬೇಕಾದದ್ದು ಹಗಲಿನ ನೆರಳು. ಎಂಟೂವರೆಗೆ ಅಂಗಡಿ ಬಾಗಿಲು ಎಳೆಯುವವನಿಗೆ ಬೇಕಾದದ್ದು ರಾತ್ರಿ ಹತ್ತರವರೆಗೆ ಒಂದು ದೀಪ, ಒಂದು ಕಲ್ಲುಬೆಂಚು. ಗೇಟು ಹಗಲೆಲ್ಲ ತೆರೆದಿದ್ದು ರಾತ್ರಿ ಹತ್ತಕ್ಕೆ ಮುಚ್ಚಿದರೆ ಇಬ್ಬರ ಕಷ್ಟವೂ ಕಳೆಯುತ್ತದೆ. ಬೇಕಾದದ್ದು ನಾಲ್ಕು ದೀಪ, ಒಬ್ಬ ಕಾವಲುಗಾರ. ಆ ಕಾವಲುಗಾರನಿಗೆ ಸರಿಯಾದ ಸಂಬಳ, ಅವನಿಗೂ ವಾರದ ರಜೆ.

ಹೆಂಗಸರ ಮಾತು ಬೇರೆ ಇದೆ. ಗಂಡಸರು ಕಟ್ಟೆಯ ಮೇಲಾದರೂ ಕೂರುತ್ತಾರೆ. ದಿನವಿಡೀ ದುಡಿದ ಹೆಣ್ಣುಮಗಳು ಹತ್ತು ನಿಮಿಷ ಎಲ್ಲಿ ಕೂರಬೇಕು? ಪಾಯಿಖಾನೆ ಇಲ್ಲದ, ಕುಡಿಯುವ ನೀರಿಲ್ಲದ, ದೀಪವಿಲ್ಲದ ಪಾರ್ಕು ಅರ್ಧ ಜನಕ್ಕೆ ಮುಚ್ಚಿದ ಪಾರ್ಕೇ. ಬೀಗ ಹಾಕದೆಯೂ ಬಾಗಿಲು ಮುಚ್ಚಬಹುದು.

ಜಾತಿಯ ಮಾತೂ ಇದೆ. 1927ರಲ್ಲಿ ಮಹಾಡಿನ ಚವದಾರ್ ಕೆರೆಯ ನೀರನ್ನು ಬಾಬಾಸಾಹೇಬ್ ಅಂಬೇಡ್ಕರರು ಮುಟ್ಟಿದ್ದು ಬಾಯಾರಿಕೆಗಾಗಿ ಅಲ್ಲ. ಸಾರ್ವಜನಿಕರದ್ದೆಂಬುದು ಎಲ್ಲರದ್ದೂ ಆಗಬೇಕೆಂಬುದಕ್ಕಾಗಿ. ನಿನ್ನ ಕೇರಿ ಯಾವುದು ಎಂದು ಕೇಳದೆ ಪಕ್ಕದಲ್ಲಿ ಕೂರಿಸಿಕೊಳ್ಳುವ ಜಾಗ ಊರಿನಲ್ಲಿ ಎಷ್ಟಿವೆ? ಎಣಿಸಿ ನೋಡಿ. ಜಾರುಬಂಡೆಯ ಮೇಲೆ ಮಕ್ಕಳು ಒಬ್ಬರ ಹಿಂದೊಬ್ಬರು ಜಾರುವಾಗ ಯಾರೂ ಗೋತ್ರ ಕೇಳುವುದಿಲ್ಲ.

ಕೋಟೆಯ ಬಾಗಿಲಲ್ಲಿ, ಪಾರ್ಕಿನ ಮುಂದೆ ಕಡಲೆಕಾಯಿ, ಮಂಡಕ್ಕಿ ಮೆಣಸಿನಕಾಯಿ, ಎಳನೀರು ಮಾರುವವರ ಮೇಲೆ ಆಗಾಗ ದಂಡು ಬೀಳುತ್ತದೆ; ಗಾಡಿ ಎತ್ತಿಕೊಂಡು ಹೋಗುತ್ತಾರೆ. 2014ರ ಬೀದಿ ವ್ಯಾಪಾರಿಗಳ ಕಾಯಿದೆ ಇವರ ಜೀವನಕ್ಕೆ ರಕ್ಷಣೆ ಕೊಟ್ಟಿದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ ನಲವತ್ತಕ್ಕೆ ಕಡಮೆಯಿಲ್ಲದಂತೆ ಬೀದಿ ವ್ಯಾಪಾರಿಗಳೇ ಇರಬೇಕು. ಗುರುತಿನ ಪತ್ರ ಪಡೆಯದವರು ಪಡೆಯಿರಿ. ಆದರೆ ಎಳನೀರಿನ ಬುರುಡೆ ಎಲ್ಲೆಂದರಲ್ಲಿ ಎಸೆದರೆ ನಿಮ್ಮ ಪರವಾಗಿ ವಾದಿಸುವವರ ಬಾಯಿ ಕಟ್ಟುತ್ತದೆ.

ನಮ್ಮ ಕಡೆಯಿಂದಲೂ ಆಗಬೇಕಾದದ್ದಿದೆ. ಚಂದ್ರವಳ್ಳಿಯ ಬಂಡೆಯ ಮೇಲೆ ಹೆಸರು ಗೀಚುವುದು, ಮಾರಿಕಣಿವೆಯ ಹಿನ್ನೀರಿನಲ್ಲಿ ಬಾಟಲಿ ಒಡೆಯುವುದು, ಇದನ್ನು ಮಾಡುವವರು ಹೊರಗಿನವರು ಮಾತ್ರವಲ್ಲ. ಒಡೆದ ಗಾಜು ಚುಚ್ಚುವುದು ಬರಿಗಾಲಿನ ಕೂಲಿಯವನ ಮಗುವಿಗೆ.

ಕೊನೆಗೆ ಕೆಲಸದ ಮಾತು. ಮೊದಲನೆಯದಾಗಿ, ನಮ್ಮ ನಗರಸಭೆಯಿಂದ ಪಾರ್ಕುಗಳ ಪಟ್ಟಿ, ಅಳತೆ, ನಕ್ಷೆ ಕೇಳಿ ಅರ್ಜಿ ಹಾಕೋಣ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಸ್ನೇಹಿತರೂ ತಮ್ಮ ತಮ್ಮ ಊರಿನಲ್ಲಿ ಹಾಗೆಯೇ ಮಾಡಲಿ. ಎರಡನೆಯದಾಗಿ, ಪಟ್ಟಿ ಹಿಡಿದು ಒಂದು ಭಾನುವಾರ ಬಡಾವಣೆ ಬಡಾವಣೆಗೆ ನಡೆದು, ಜಾಗ ಇದೆಯೇ ಇಲ್ಲವೇ ಅಳೆದು ಬರೆದುಕೊಳ್ಳೋಣ. ನೂಲು ಹಿಡಿಯುವ ಕೈ, ತಕ್ಕಡಿ ಹಿಡಿಯುವ ಕೈ, ಎರಡಕ್ಕೂ ಅಳತೆ ಹೊಸದಲ್ಲ. ಮೂರನೆಯದಾಗಿ, ರಾತ್ರಿ ಹತ್ತರವರೆಗೆ ಗೇಟು, ದೀಪ, ನೀರು, ಹೆಂಗಸರಿಗೆ ಪಾಯಿಖಾನೆ, ಈ ನಾಲ್ಕನ್ನು ಕೇಳಿ ಮನೆಮನೆಯ ಸಹಿ ಕೂಡಿಸೋಣ. ನಾಲ್ಕನೆಯದಾಗಿ, ರಜೆಯ ದಿನದ ಸರ್ಕಾರಿ ಬಸ್ಸಿಗೆ ಒತ್ತಾಯಿಸೋಣ. ಐದನೆಯದು ಯಾರನ್ನೂ ಕೇಳಬೇಕಾದದ್ದಲ್ಲ: ಬರುವ ನವೆಂಬರ್ 19ರಂದು ಬಿಡುವಿರುವವರು ಕೇರಿಯ ಮಕ್ಕಳನ್ನೆಲ್ಲ ಕೂಡಿಸಿಕೊಂಡು ಕೋಟೆ ಹತ್ತಿಸಬೇಕು. ಬುತ್ತಿ ಮನೆಯಿಂದ, ಕಥೆ ಹೇಳುವ ಹೊಣೆ ನಮ್ಮದು.

ಪಾರ್ಕಿನಿಂದ ಕೂಲಿ ಹೆಚ್ಚುವುದಿಲ್ಲ, ಬೇಳೆಯ ಬೆಲೆ ಇಳಿಯುವುದಿಲ್ಲ. ಅದನ್ನು ನಾವು ಬಲ್ಲೆವು, ಆ ಹೋರಾಟ ನಿಲ್ಲುವುದೂ ಇಲ್ಲ. ಆದರೆ ದುಡಿಯುವವನಿಗೆ ಹೊಟ್ಟೆಯೊಂದೇ ಇದೆ ಎಂದು ತಿಳಿದವರು ಮಾಲೀಕರು. ನಾವೂ ಹಾಗೆ ತಿಳಿಯಬಾರದು. ಸಹಿಯ ಕಾಗದ ಈ ಮೇಜಿನ ಮೇಲಿದೆ. ಹೋಗುವಾಗ ಹೆಸರು ಬರೆದು ಹೋಗಿ. ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಿ.